ದವಡೆ ಬಿಗಿದಾಗ



ವಿಷಯಕ್ಕೆ ಬರುವ ಮೊದಲು ತಮ್ಮಲ್ಲಿ ಒಂದು ಸಣ್ಣ ಕೋರಿಕೆ. ಕೈ ತೊಳೆದುಕೊಂಡು ತೋರುಬೆರಳು, ನಡುಬೆರಳು, ಉಂಗುರದ ಬೆರಳು ಈ ಮೂರನ್ನೂ ಒಟ್ಟಿಗೆ ಜೋಡಿಸಿ. ಅವು ಒಂದರ ಮೇಲೊಂದು ನಿಲ್ಲುವಂತೆ ಕೈ ತಿರುಗಿಸಿ, ಬಾಯಿಯನ್ನು ಆದಷ್ಟೂ ಅಗಲಿಸಿ, ಮುಂದಿನ ಮೇಲ್ಹಲ್ಲು ಮತ್ತು ಕೆಳಹಲ್ಲುಗಳ ನಡುವೆ ಇಟ್ಟು ನೋಡಿ. ಮೂರು ಬೆರಳೂ ಹಿಡಿಸಿದರೆ ದವಡೆ ಸುಖವಾಗಿದೆಯೆಂದು ಸದ್ಯಕ್ಕೆ ತಿಳಿಯಬಹುದು. ಎರಡೇ ಹಿಡಿಸಿದರೆ ಈ ಮಾತನ್ನು ಕೊನೆಯವರೆಗೂ ಕೇಳಬೇಕು. ಒಂದೇ ಬೆರಳು ಹೋಗುವಂತಿದ್ದರೆ, ಕೇಳುವುದರ ಜೊತೆಗೆ ನಾಳೆಯೇ ವೈದ್ಯರ ಬಳಿಗೂ ಹೋಗಬೇಕು.

ಅಳತೆ ಅವರವರ ಬೆರಳಿನಿಂದಲೇ ಆಗಬೇಕು. ಮಗುವಿನ ಬಾಯಿಗೆ ಮಗುವಿನ ಬೆರಳು, ಅಜ್ಜನ ಬಾಯಿಗೆ ಅಜ್ಜನ ಬೆರಳು. ಸ್ಕೇಲಿನ ಲೆಕ್ಕವೇ ಬೇಕೆನ್ನುವವರಿಗೆ, ವಯಸ್ಕರಲ್ಲಿ ಮುಂದಿನ ಹಲ್ಲುಗಳ ನಡುವಿನ ಅಂತರ ಸುಮಾರು 35ರಿಂದ 55 ಮಿಲಿಮೀಟರ್ ಇರುತ್ತದೆ. 35ಕ್ಕಿಂತ ಕಡಿಮೆಯಾದರೆ ವೈದ್ಯರು ಅದನ್ನು ದವಡೆಯ ಬಿಗಿತವೆಂದು ಪರಿಗಣಿಸುತ್ತಾರೆ.

ನಾನು ವೈದ್ಯನಲ್ಲ. ವಿಜ್ಞಾನದ ಪದವಿ ಪಡೆದು ಟಿ.ವಿ. ಕಾರ್ಯಕ್ರಮಗಳ ನಿರ್ಮಾಪಕನಾಗಿ ದುಡಿಯುವವನು. ಆರೋಗ್ಯದ ಫೋನ್-ಇನ್ ಕಾರ್ಯಕ್ರಮಗಳನ್ನು ನಡೆಸುವಾಗ ಕಂಟ್ರೋಲ್ ರೂಮಿನ ಗಾಜಿನ ಹಿಂದೆ ಕುಳಿತು ಕೇಳಿದ್ದರಿಂದ, ತಜ್ಞರನ್ನು ಕಾಡಿ ಕೇಳಿ ತಿಳಿದದ್ದರಿಂದ ಈ ಮಾತು ಹುಟ್ಟಿದೆ. "ಬಾಯಿ ತೆರೆಯೋದಕ್ಕೆ ಆಗ್ತಿಲ್ಲ ಡಾಕ್ಟ್ರೇ" ಎಂಬ ಕರೆ ಬಂದಾಗ ಅನುಭವವುಳ್ಳ ವೈದ್ಯರು ಮೊದಲು ಕೇಳುವುದು ನೋವಿನ ವಿಷಯವಲ್ಲ. "ಎಷ್ಟು ದಿನದಿಂದ?" ಎಂದು ಕೇಳುತ್ತಾರೆ. ನಿನ್ನೆಯಿಂದಲೆ, ಹೋದ ವಾರದಿಂದಲೆ, ಅಥವಾ ಯಾವಾಗ ಶುರುವಾಯಿತೆಂದೇ ಗೊತ್ತಿಲ್ಲವೆ? ರೋಗದ ಅರ್ಧ ಗುರುತು ಆ ಉತ್ತರದಲ್ಲಿರುತ್ತದೆ. ಥಟ್ಟನೆ ಹಿಡಿದುಕೊಂಡ ದವಡೆ ಎಲ್ಲರನ್ನೂ ಹೆದರಿಸುತ್ತದೆ, ಆಸ್ಪತ್ರೆಗೂ ಓಡಿಸುತ್ತದೆ. ಆದರೆ ನಮ್ಮ ನಾಡಿನಲ್ಲಿ ಹೆಚ್ಚು ಕೆಡುಕು ಮಾಡುತ್ತಿರುವುದು ನೋವಿಲ್ಲದೆ, ಸದ್ದಿಲ್ಲದೆ, ವರ್ಷಗಟ್ಟಲೆ ತೆಗೆದುಕೊಂಡು ಮುಚ್ಚಿಕೊಳ್ಳುವ ಬಾಯಿ.

ಮೊದಲು ದವಡೆಯ ರಚನೆಯನ್ನು ನೋಡೋಣ. ಸಂಸ್ಕೃತದಲ್ಲಿ 'ಹನು' ಎಂದರೆ ದವಡೆ. ಇಂದ್ರನ ವಜ್ರಾಯುಧದ ಪೆಟ್ಟಿಗೆ ದವಡೆ ಮುರಿದ ಬಾಲಕನೇ ಹನುಮಂತನೆನಿಸಿದ ಎಂಬ ಕಥೆ ಎಲ್ಲರಿಗೂ ಗೊತ್ತಿರುವುದೇ. ಕಿವಿಯ ಮುಂಭಾಗದಲ್ಲಿ, ಕಿವಿಗೆ ತಾಗಿದಂತೆ, ಎರಡೂ ಕಡೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳಿನ ಕೆಳಗೆ ಏನೋ ಉರುಳಿ ಮುಂದೆ ಸರಿದಂತೆ ಅನ್ನಿಸುತ್ತದಲ್ಲವೆ? ಅದೇ ದವಡೆಯ ಕೀಲು. ಬಾಗಿಲಿನ ತಿರುಗಣೆ ಇದ್ದಲ್ಲಿಯೇ ತಿರುಗುತ್ತದೆ. ಈ ಕೀಲು ಹಾಗಲ್ಲ. ಬಾಯಿ ಅರ್ಧ ತೆರೆಯುವವರೆಗೆ ಇದ್ದಲ್ಲಿ ತಿರುಗಿ, ಆಮೇಲೆ ಗುಳಿಯನ್ನು ಬಿಟ್ಟು ಮುಂದಕ್ಕೆ ಜಾರುತ್ತದೆ. ಎರಡು ಮೂಳೆಗಳ ನಡುವೆ ನಾರಿನಿಂದಾದ ತೆಳ್ಳನೆಯ ಬಿಲ್ಲೆಯೊಂದಿದ್ದು ಅದೂ ಜೊತೆಯಲ್ಲೇ ಜಾರುತ್ತದೆ. ಎಡಬಲದ ಎರಡು ಕೀಲುಗಳೂ ಒಂದೇ ಮೂಳೆಗೆ ಸೇರಿದವಾದ್ದರಿಂದ ಒಂದು ಕೆಟ್ಟರೆ ಇನ್ನೊಂದಕ್ಕೂ ಸುಖವಿಲ್ಲ. ಹೆಗಲು ಕೂಡಿ ನಡೆಯುವ ಜೋಡೆತ್ತಿನ ಹಾಗೆ. ಬಾಯಿ ಮುಚ್ಚಿಸುವ ಸ್ನಾಯುಗಳು ತೆರೆಸುವ ಸ್ನಾಯುಗಳಿಗಿಂತ ಬಹಳ ಬಲವಾದವು. ಆದ್ದರಿಂದಲೇ ದೇಹದಲ್ಲಿ ಏನಾದರೂ ಎಡವಟ್ಟಾಗಿ ಸ್ನಾಯುಗಳೆಲ್ಲ ಒಟ್ಟಿಗೆ ಸೆಟೆದುಕೊಂಡರೆ ಬಾಯಿ ಮುಚ್ಚಿಕೊಳ್ಳುತ್ತದೆ, ತೆರೆದುಕೊಳ್ಳುವುದಿಲ್ಲ.

ಥಟ್ಟನೆ ಆಗುವ ತೊಂದರೆಗಳಲ್ಲಿ ಎಲ್ಲರೂ ಕೇಳಿರುವುದು ದವಡೆ ಜಾರುವುದು. ಗಟ್ಟಿಯಾಗಿ ಆಕಳಿಸಿದಾಗ, ನಗುವಾಗ, ಹಲ್ಲು ಕೀಳಿಸಲು ಬಹಳ ಹೊತ್ತು ಬಾಯಿ ತೆರೆದಿದ್ದಾಗ, ಮುಂದಕ್ಕೆ ಸರಿದ ಮೂಳೆ ಗುಳಿಯ ಅಂಚನ್ನು ದಾಟಿ ಆಚೆ ಕೂತುಬಿಡುತ್ತದೆ. ಬಾಯಿ ತೆರೆದದ್ದು ತೆರೆದೇ ಇರುತ್ತದೆ. ಮುಚ್ಚಲಾಗದು, ಮಾತು ಹೊರಡದು, ಜೊಲ್ಲು ಸುರಿಯುತ್ತದೆ. ಇದನ್ನು ಕೂರಿಸುವ ವಿದ್ಯೆ ಬಹಳ ಹಳೆಯದು. ದವಡೆಯನ್ನು ಸ್ವಸ್ಥಾನಕ್ಕೆ ತಂದು, ಶಾಖ ಕೊಟ್ಟು, 'ಪಂಚಾಂಗೀ' ಎಂಬ ಕಟ್ಟು ಕಟ್ಟಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಗ್ರೀಕರ ಹಿಪಾಕ್ರಟಿಸನ ಹೆಸರಿನ ಗ್ರಂಥಗಳಲ್ಲಿ ವಿವರಿಸಿದ ಕ್ರಮವನ್ನೇ ಇಂದಿಗೂ ವೈದ್ಯರು ಹೆಚ್ಚು ಕಡಿಮೆ ಅನುಸರಿಸುತ್ತಾರೆ. ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ಕೆಳಗಿನ ದವಡೆ ಹಲ್ಲುಗಳ ಭಾಗದಲ್ಲಿಟ್ಟು, ಮೊದಲು ಕೆಳಕ್ಕೆ ಒತ್ತಿ ಆಮೇಲೆ ಹಿಂದಕ್ಕೆ ತಳ್ಳುತ್ತಾರೆ. ಬಟ್ಟೆ ಏಕೆಂದರೆ, ಮೂಳೆ ಗುಳಿಗೆ ಬಿದ್ದ ಕ್ಷಣ ಬಾಯಿ ರಪ್ಪನೆ ಮುಚ್ಚಿಕೊಂಡು ವೈದ್ಯರ ಬೆರಳನ್ನೇ ಕಚ್ಚುತ್ತದೆ! ಮನೆಯಲ್ಲಿ ಇದನ್ನು ಪ್ರಯತ್ನಿಸಬೇಡಿ. ಕೆನ್ನೆಗೆ ಬಾರಿಸಿದರೆ ಸರಿಹೋಗುತ್ತದೆ ಎನ್ನುವವರ ಮಾತನ್ನಂತೂ ಕೇಳಲೇಬೇಡಿ. ಗದ್ದದ ಕೆಳಗೆ ಒಂದು ಟವೆಲ್ ಆಸರೆ ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಬೇಗ ಹೋದಷ್ಟೂ ಸುಲಭವಾಗಿ ಕೂರುತ್ತದೆ. ತಡವಾದರೆ ಸ್ನಾಯುಗಳು ಸೆಟೆದು ಅರಿವಳಿಕೆಯೇ ಬೇಕಾಗಬಹುದು.

ಇದಕ್ಕೆ ವಿರುದ್ಧವಾದದ್ದು, ಬೆಳಗ್ಗೆ ಎದ್ದಾಗ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದೇ ಹೋಗುವುದು. ಸಾಮಾನ್ಯವಾಗಿ ಇವರಿಗೆ ಅದಕ್ಕೂ ಮೊದಲೇ ತಿಂಗಳುಗಟ್ಟಲೆ ಊಟ ಮಾಡುವಾಗ ಕಿವಿಯ ಬಳಿ 'ಕಟಕ್' ಎಂಬ ಸದ್ದು ಬರುತ್ತಿರುತ್ತದೆ. ಆ ಸದ್ದು ಆಗ ತಾನೇ ನಿಂತಿರುತ್ತದೆ. ಸದ್ದು ನಿಂತಿತು, ಒಳ್ಳೆಯದಾಯಿತು ಎಂದುಕೊಳ್ಳುವಂತಿಲ್ಲ. ನಾನು ಹೇಳಿದ ನಾರಿನ ಬಿಲ್ಲೆ ಜಾಗ ತಪ್ಪಿ ಮೂಳೆಯ ದಾರಿಗೆ ಅಡ್ಡಲಾಗಿ ಮಲಗಿದೆ ಎಂದು ಅದರ ಅರ್ಥ. ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ, ಚಿಂತೆಯಲ್ಲಿ ಹಲ್ಲು ಬಿಗಿಹಿಡಿಯುವ ಅಭ್ಯಾಸದವರಲ್ಲಿ ದವಡೆಯ ಸ್ನಾಯುಗಳೂ ನೋಯುತ್ತವೆ. ಇಲ್ಲಿ ಸಮಾಧಾನದ ಸಂಗತಿಯೆಂದರೆ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಕೆಲವು ವಾರ ಮೆತ್ತಗಿನ ಆಹಾರ, ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯ ಶಾಖ, ವೈದ್ಯರು ಹೇಳಿಕೊಟ್ಟ ನಿಧಾನದ ವ್ಯಾಯಾಮ, ಅಗತ್ಯವಿದ್ದರೆ ನೋವಿನ ಮಾತ್ರೆ, ಕೆಲವರಿಗೆ ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ಅಚ್ಚು, ಇಷ್ಟರಲ್ಲೇ ಗುಣ ಕಾಣುತ್ತದೆ. ಕಬ್ಬು ಸಿಗಿಯುವುದು, ಚಕ್ಕುಲಿ ಕಡಿಯುವುದು, ಪೆನ್ನಿನ ತುದಿ ಅಗಿಯುವುದು ಇವನ್ನೆಲ್ಲ ಅಷ್ಟು ದಿನ ಬಿಡಬೇಕು.

ಥಟ್ಟನೆ ಹಿಡಿಯುವ ಇನ್ನೊಂದು ಬಗೆಯನ್ನು ಹೇಳಿ ಮುಂದೆ ಹೋಗುತ್ತೇನೆ. ವಾಂತಿ ನಿಲ್ಲಿಸಲು ಕೊಡುವ ಕೆಲವು ಔಷಧಿಗಳು, ಮನೋರೋಗಕ್ಕೆ ಕೊಡುವ ಕೆಲವು ಔಷಧಿಗಳು, ಕೆಲವರಿಗೆ, ಅದರಲ್ಲೂ ಎಳೆಯ ವಯಸ್ಸಿನವರಿಗೆ, ಒಗ್ಗದೆ ದವಡೆ ಸೆಟೆದು, ಕತ್ತು ಒಂದು ಕಡೆಗೆ ತಿರುಚಿ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ. ನೋಡುವವರಿಗೆ ಭಯವಾಗುವುದು ಸಹಜ. ಗಾಳಿ ಸೋಕಿತೆಂದು ಮಂತ್ರವಾದಿಯ ಬಳಿಗೆ ಕರೆದೊಯ್ದ ಸಂಗತಿಯನ್ನು ನಮ್ಮ ಕಾರ್ಯಕ್ರಮಕ್ಕೆ ಬಂದ ವೈದ್ಯರೊಬ್ಬರು ಬೇಸರದಿಂದ ಹೇಳಿದ್ದರು. ಆಸ್ಪತ್ರೆಯಲ್ಲಿ ಸರಿಯಾದ ಒಂದು ಇಂಜೆಕ್ಷನ್ ಕೊಟ್ಟರೆ ನಿಮಿಷಗಳಲ್ಲಿ ಸಡಿಲಾಗುತ್ತದೆ. ಹೋಗುವಾಗ ತೆಗೆದುಕೊಂಡ ಮಾತ್ರೆಯ ಚೀಟಿಯನ್ನು ಮರೆಯದೆ ಒಯ್ಯಿರಿ. ಮೂರ್ಛೆರೋಗದಲ್ಲಿ ಹಲ್ಲು ಕಚ್ಚಿಕೊಳ್ಳುವುದು ಬೇರೆ. ಆಗ ಬಾಯಿಗೆ ಚಮಚ, ಬೀಗದಕೈ ತುರುಕಲು ಹೋಗಬಾರದು. ಹಲ್ಲು ಮುರಿದೀತು, ಮುರಿದ ಚೂರು ಗಂಟಲಿಗೆ ಇಳಿದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿದರೆ ಸಾಕು.

ಇನ್ನು ಎರಡು ಮೂರು ದಿನಗಳಲ್ಲಿ ಬಿಗಿಯುವ ದವಡೆ. ಇದರಲ್ಲಿ ಹೆಚ್ಚಿನ ಪಾಲು ಹಲ್ಲಿನದೇ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಬುದ್ಧಿಹಲ್ಲು ಹುಟ್ಟಲು ಜಾಗವಿಲ್ಲದೆ ಅರ್ಧ ಹೊರಗೆ ಅರ್ಧ ಒಳಗೆ ನಿಂತಾಗ, ಮೇಲಿನ ವಸಡಿನ ಮಡಿಕೆಯಲ್ಲಿ ಅನ್ನದಗುಳು ಸೇರಿ ಕೀವಾಗುತ್ತದೆ. ಪಕ್ಕದ ಸ್ನಾಯು ಕೆರಳಿ ಬಿಗಿಯುತ್ತದೆ. ಹಲ್ಲು ಕೀಳಿಸಿದ ಮೇಲೂ, ಹಿಂದಿನ ಹಲ್ಲಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ ಮೇಲೂ ಕೆಲವು ದಿನ ಹೀಗಾಗುವುದುಂಟು. ಉಪ್ಪು ಹಾಕಿದ ಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಶಾಖ, ಮೆಲ್ಲನೆ ಬಾಯಿ ಆಡಿಸುವುದು ಇವುಗಳಿಂದ ಒಂದೆರಡು ವಾರದಲ್ಲಿ ತಾನಾಗಿ ಬಿಡುತ್ತದೆ. ಆದರೆ ಗದ್ದದ ಕೆಳಗೆ ಕತ್ತಿನಲ್ಲಿ ಊತ ಬಂದರೆ, ಎಂಜಲು ನುಂಗಲೂ ಕಷ್ಟವಾದರೆ, ನಾಲಗೆ ಮೇಲೆದ್ದಂತಾಗಿ ಮಾತು ತೊದಲಿದರೆ, ಮಲಗಿದಾಗ ಉಸಿರು ಕಟ್ಟಿದರೆ ಅದು ನಾಳೆ ನೋಡೋಣ ಎನ್ನುವ ಹಲ್ಲುನೋವಲ್ಲ. ಅರ್ಧ ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಹಲ್ಲುನೋವಿನಿಂದ ಯಾರಾದರೂ ಸಾಯುತ್ತಾರೆಯೆ ಎಂದು ಕೇಳುವವರಿದ್ದಾರೆ. ಆ ಊತ ಶ್ವಾಸದ ದಾರಿಯನ್ನು ಮುಚ್ಚಿದರೆ ಸಾಯುತ್ತಾರೆ.

ದಿನಗಳಲ್ಲಿ ಬಿಗಿಯುವ ದವಡೆಗಳಲ್ಲಿ ಅತ್ಯಂತ ಭಯಂಕರವಾದದ್ದು ಧನುರ್ವಾಯು. ಬೆನ್ನು ಬಿಲ್ಲಿನಂತೆ ಬಾಗುವುದರಿಂದ ಆ ಹೆಸರು. ಆದರೆ ಬೆನ್ನು ಬಾಗುವುದಕ್ಕೂ ಮೊದಲು ದವಡೆ ಹಿಡಿಯುತ್ತದೆ. ಗಾಯವಾಗಿ ಸಾಮಾನ್ಯವಾಗಿ 3ರಿಂದ 21 ದಿನಗಳ ಒಳಗೆ, ಗಾಯ ಮಾಯ್ದು ಮರೆತೇಹೋದ ಮೇಲೂ, 'ಬಾಯಿ ಯಾಕೋ ತೆರೆಯುತ್ತಿಲ್ಲ' ಎಂದು ಇದು ಶುರುವಾಗಬಹುದು. ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿ, ಸಗಣಿ ಗೊಬ್ಬರದಲ್ಲಿ ಇರುತ್ತವೆ. ಕುದಿಯುವ ನೀರಿನಲ್ಲೂ ಸ್ವಲ್ಪ ಹೊತ್ತು ತಾಳಿಕೊಳ್ಳಬಲ್ಲವು. ತುಕ್ಕು ಹಿಡಿದ ಮೊಳೆಯಿಂದಲೇ ಬರುತ್ತದೆಂಬುದು ತಪ್ಪು ತಿಳಿವಳಿಕೆ. ತುಕ್ಕಿಗೂ ಇದಕ್ಕೂ ಸಂಬಂಧವಿಲ್ಲ. ಆಳದ ಗಾಯಕ್ಕೆ ಮಣ್ಣು ಸೇರುವುದೇ ಮುಖ್ಯ. ಜಾಲಿ ಮುಳ್ಳು ಸಾಕು, ಕುಡುಗೋಲಿನ ತುದಿ ಸಾಕು. ಗಾಳಿಯಿಲ್ಲದ ಆ ಆಳದಲ್ಲಿ ಬೆಳೆದು ಅದು ಬಿಡುವ ವಿಷ ನರಗಳ ಮೂಲಕ ಬೆನ್ನುಹುರಿಯನ್ನು ಸೇರುತ್ತದೆ. ಸ್ನಾಯುಗಳಿಗೆ 'ಸಾಕು, ಸಡಿಲಾಗು' ಎಂದು ಹೇಳುವ ಸಂಕೇತಗಳನ್ನೇ ಅಲ್ಲಿ ತಡೆಹಿಡಿಯುತ್ತದೆ. ದವಡೆಯ ನರದ ದಾರಿ ಚಿಕ್ಕದಾದ್ದರಿಂದ ಅದರ ಸ್ನಾಯು ಮೊದಲು ಸಿಕ್ಕಿಬೀಳುತ್ತದೆ. ಮುಂದೆ ಬೆಳಕು ಕಂಡರೆ, ಬಾಗಿಲು ಸದ್ದಾದರೆ ಮೈಯೆಲ್ಲ ಸೆಟೆಯುತ್ತದೆ. ನರಕ್ಕೆ ಅಂಟಿಕೊಂಡ ವಿಷವನ್ನು ಬಿಡಿಸುವ ಔಷಧ ಇಲ್ಲ. ಇನ್ನೂ ಅಂಟದಿರುವುದನ್ನು ಮಾತ್ರ ಪ್ರತಿವಿಷದಿಂದ ನಿಷ್ಕ್ರಿಯಗೊಳಿಸಬಹುದು. ಉಳಿದದ್ದು ವಾರಗಟ್ಟಲೆ ತೀವ್ರ ನಿಗಾ ಘಟಕದ ಹೋರಾಟ.

ಹೊಕ್ಕುಳಬಳ್ಳಿಗೆ ಸಗಣಿ, ಬೂದಿ ಹಚ್ಚುತ್ತಿದ್ದ ಕಾಲದಲ್ಲಿ, ಹುಟ್ಟಿದ ಕೆಲವೇ ದಿನಗಳಲ್ಲಿ ಹಾಲು ಚೀಪುವುದನ್ನು ನಿಲ್ಲಿಸಿ ತೀರಿಕೊಂಡ ಶಿಶುಗಳೆಷ್ಟೋ. ದವಡೆ ಹಿಡಿದ ಮಗು ಚೀಪುವುದಾದರೂ ಹೇಗೆ? ಗರ್ಭಿಣಿಯರಿಗೆ ಲಸಿಕೆ, ಆಸ್ಪತ್ರೆಯಲ್ಲಿ ಹೆರಿಗೆ, ಶುಚಿಯಾದ ಬ್ಲೇಡು ಇವುಗಳಿಂದಾಗಿ 2015ರಲ್ಲಿ ಭಾರತವು ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ರೋಗಾಣು ಮಣ್ಣಿನಲ್ಲಿ ಹಾಗೆಯೇ ಇದೆ. ಮಕ್ಕಳಿಗೆ, ಗರ್ಭಿಣಿಯರಿಗೆ ಚುಚ್ಚುಮದ್ದು ತಪ್ಪದೆ ಸಿಗುತ್ತಿರುವಾಗ, ಹೊಲದಲ್ಲಿ ದುಡಿಯುವ ಐವತ್ತು ಅರವತ್ತರ ಗಂಡಸು ಕೊನೆಯ ಸಲ ಯಾವಾಗ ಹಾಕಿಸಿಕೊಂಡನೆಂದು ಅವನಿಗೇ ನೆನಪಿರುವುದಿಲ್ಲ. 10 ವರ್ಷಕ್ಕೊಮ್ಮೆ ಬಲವರ್ಧಕ ಡೋಸು ಬೇಕು. ಒಮ್ಮೆ ಧನುರ್ವಾಯು ಬಂದು ಬದುಕಿದವರಿಗೂ ಬೇಕು. ರೋಗ ತರಿಸುವಷ್ಟು ವಿಷ, ದೇಹಕ್ಕೆ ರಕ್ಷಣೆ ಕಲಿಸುವಷ್ಟು ಇರುವುದಿಲ್ಲ.

ಮಕ್ಕಳ ವಿಷಯ ಬಂದದ್ದರಿಂದ ಇಲ್ಲೇ ಹೇಳುತ್ತೇನೆ. ಮಗು ತೊಟ್ಟಿಲಿನಿಂದಲೋ ಜಗಲಿಯಿಂದಲೋ ಗದ್ದ ಊರಿ ಬಿದ್ದಾಗ ಗದ್ದದ ತೊಗಲು ಹರಿದದ್ದಕ್ಕೆ ಹೊಲಿಗೆ ಹಾಕಿಸಿ ಮರೆಯುತ್ತೇವೆ. ಗದ್ದಕ್ಕೆ ಬಿದ್ದ ಪೆಟ್ಟು ಮೂಳೆಯಲ್ಲಿ ಹರಿದು ಕಿವಿಯ ಬಳಿಯ ಕೀಲಿಗೆ ಮುಟ್ಟಿರುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಕ್ರಮೇಣ ಮೂಳೆಗೆ ಮೂಳೆ ಬೆಸೆದುಕೊಂಡರೆ ಬಾಯಿ ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತದೆ. ಕಿವಿ ಸೋರುವಿಕೆಯ ಸೋಂಕು ಕೀಲಿಗೆ ಹರಡಿದರೂ ಹೀಗಾಗಬಹುದು. ಎಳೆಯ ಮಗು ದೂರು ಹೇಳಲಾರದು. ಕೆಳದವಡೆ ಬೆಳೆಯದೆ ಗದ್ದ ಹಿಂದಕ್ಕೆ ಸರಿದು, ರಾತ್ರಿ ಗೊರಕೆ ಹೊಡೆಯುತ್ತಾ ಉಸಿರಿಗೆ ಒದ್ದಾಡುತ್ತದೆ. ಬೆಸೆದ ಮೂಳೆಯನ್ನು ಶಸ್ತ್ರಚಿಕಿತ್ಸೆಯಿಂದ ಬಿಡಿಸಲೇಬೇಕು. ಬಿಡಿಸಿದ ಮರುದಿನಗಳಿಂದಲೇ ಬಾಯಿ ತೆರೆಯುವ ವ್ಯಾಯಾಮ ಆಗಬೇಕು. ನೋವೆಂದು ಮಗು ಅಳುತ್ತದೆ, ತಾಯಿ ಕರಗಿ ನಿಲ್ಲಿಸುತ್ತಾಳೆ, ಕೀಲು ಮತ್ತೆ ಬೆಸೆಯುತ್ತದೆ. ಶಸ್ತ್ರಚಿಕಿತ್ಸಕರ ದೊಡ್ಡ ಕೊರಗು ಇದೇ. ಆದ್ದರಿಂದ ಗದ್ದಕ್ಕೆ ಪೆಟ್ಟು ಬಿದ್ದ ಮಗುವಿನ ಬಾಯಿಯನ್ನು ಮುಂದಿನ ಒಂದೆರಡು ವರ್ಷ ಆಗಾಗ ಅದರದೇ ಬೆರಳಿನಿಂದ ಅಳೆಯುತ್ತಿರಬೇಕು.

ಈಗ ನಿಧಾನವಾಗಿ ಮುಚ್ಚುವ ಬಾಯಿಯ ವಿಷಯಕ್ಕೆ ಬರುತ್ತೇನೆ. ಮಾತು ತುಸು ಉದ್ದವಾದರೆ ತಾವು ಮನ್ನಿಸಬೇಕು.

ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಊರಿನಲ್ಲಿ ಸಾಕ್ಷ್ಯಚಿತ್ರದ ಚಿತ್ರೀಕರಣ ಮಾಡುತ್ತಿದ್ದೆವು. ಅಂಗಡಿಯ ಮುಂದೆ ನಿಂತಿದ್ದ ಮೂವತ್ತರೊಳಗಿನ ಒಬ್ಬ ಯುವಕನನ್ನು ಮಾತಾಡಿಸಿದೆವು. ಹುಡುಗ ಚುರುಕು, ವಿಷಯ ಬಲ್ಲವನು. ಆದರೆ ಮಾತು ಮೂಗಿನಿಂದ ಬಂದಂತೆ ಕೇಳುತ್ತಿತ್ತು. ನಮ್ಮ ಧ್ವನಿಗ್ರಾಹಕರು "ಸ್ವಲ್ಪ ಬಾಯಿ ಬಿಟ್ಟು ಮಾತಾಡಪ್ಪ" ಎಂದರು. ಅವನು ನಗುತ್ತಲೇ, "ನಂದು ಇಷ್ಟೇ ಸಾರ್ ಬರೋದು" ಎಂದ. ಕ್ಯಾಮೆರಾದ ಕ್ಲೋಸ್‌ಅಪ್‌ನಲ್ಲಿ ಅವನ ಹಲ್ಲುಗಳ ನಡುವೆ ಹೆಚ್ಚೆಂದರೆ ಒಂದು ಬೆರಳು ತೂರುವಷ್ಟು ಜಾಗವಿತ್ತು. ನೋವಿದೆಯೆ ಎಂದು ಕೇಳಿದೆ. ಇಲ್ಲವೆಂದ. ಯಾವಾಗಿನಿಂದ ಎಂದೆ. ಯೋಚಿಸಿ, "ಗೊತ್ತಿಲ್ಲ" ಎಂದ.

ಈ ರೋಗಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. ಬಾಯಿಯ ಒಳಪೊರೆಯ ಕೆಳಗೆ ನಾರುಗಟ್ಟುವುದು ಎಂದರ್ಥ. 1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯರು ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ವರದಿ ಮಾಡಿದರು. ಮರುವರ್ಷ ಮುಂಬಯಿಯ ಎಸ್. ಜಿ. ಜೋಶಿಯವರು ಈಗಿನ ಹೆಸರಿನಿಂದ ವಿವರಿಸಿದರು. ಎಲ್ಲಿ ಅಡಿಕೆ ಜಗಿಯುವವರಿದ್ದಾರೋ ಅಲ್ಲೆಲ್ಲ ಈ ರೋಗ ಇದೆ. ಕಡಲಾಚೆ ಹೋದ ಭಾರತೀಯರ ಜೊತೆ ಇದೂ ಹೋಗಿದೆ. ಕಾರಣ ತಂಬಾಕಲ್ಲ, ಅಡಿಕೆ. ಹೊಗೆಸೊಪ್ಪು ಮುಟ್ಟದೆ ಬರೀ ಅಡಿಕೆ ಜಗಿಯುವವರಿಗೂ ಇದು ಬರುತ್ತದೆ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಕ್ಷಾರ ಪದಾರ್ಥ ಕೆನ್ನೆಯ ಒಳಪೊರೆಯಲ್ಲಿನ ಜೀವಕೋಶಗಳನ್ನು ಪ್ರಚೋದಿಸಿ ಕೊಲಾಜನ್ ಎಂಬ ನಾರನ್ನು ಅತಿಯಾಗಿ ಉತ್ಪಾದಿಸುವಂತೆ ಮಾಡುತ್ತದೆ. ಅಡಿಕೆಯ ಒಗರು ಇದೆಯಲ್ಲ, ಆ ಟ್ಯಾನಿನ್, ನಾರನ್ನು ಕರಗದಂತೆ ಗಟ್ಟಿಗೊಳಿಸುತ್ತದೆ. ಹಸಿ ತೊಗಲನ್ನು ಹದಮಾಡಿ ಚರ್ಮವಾಗಿಸಲು ತೊಗಟೆಯ ಒಗರನ್ನು ಬಳಸುತ್ತಾರಲ್ಲ, ಹೆಚ್ಚು ಕಡಿಮೆ ಅದೇ ರಸಾಯನಶಾಸ್ತ್ರ. ಅಡಿಕೆಯಲ್ಲಿನ ತಾಮ್ರದ ಅಂಶ ನಾರಿನ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಹೀಗೆ ಉತ್ಪತ್ತಿ ಹೆಚ್ಚಿ, ಕರಗುವಿಕೆ ನಿಂತು, ಮೃದುವಾಗಿ ಹಿಗ್ಗುವ ಕೆನ್ನೆ ಒಳಗಿನಿಂದ ಹಗ್ಗ ಕಟ್ಟಿದಂತೆ ಗಟ್ಟಿಯಾಗುತ್ತದೆ. ಇಲ್ಲಿ ಕೀಲು ಸರಿಯಾಗಿಯೇ ಇರುತ್ತದೆ. ಬಾಗಿಲ ತಿರುಗಣೆ ಸರಿಯಿದ್ದು ಹೊರಗಿನಿಂದ ಹಗ್ಗ ಬಿಗಿದ ಹಾಗೆ.

ಮೊದಲ ಸೂಚನೆ ಬಿಗಿತವಲ್ಲ, ಉರಿ. ಮನೆಯ ಊಟವೇ ಖಾರವೆನಿಸತೊಡಗುತ್ತದೆ. ಎಷ್ಟೋ ಮನೆಗಳಲ್ಲಿ ಇದು ಅಡುಗೆಯ ಜಗಳವಾಗಿ ಶುರುವಾಗುತ್ತದೆ. "ಸಾರಿಗೆ ಎಷ್ಟು ಖಾರ ಹಾಕ್ತೀಯೆ" ಎಂದು ಗಂಡ ರೇಗುತ್ತಾನೆ. ಹೆಂಡತಿ ಮೆಣಸಿನಪುಡಿ ಕಡಿಮೆ ಮಾಡುತ್ತಾಳೆ. ಮಕ್ಕಳು ಸಪ್ಪೆ ಎನ್ನುತ್ತವೆ, ಅವನು ಇನ್ನೂ ಖಾರ ಎನ್ನುತ್ತಾನೆ. ಅಲ್ಲಿಗೇ ದಂತವೈದ್ಯರ ಬಳಿಗೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಹೋಗುವುದಿಲ್ಲ, ಉಪ್ಪಿನಕಾಯಿ ಬಿಡುತ್ತಾನೆ. ಮುಂದೆ ಒಳಗೆನ್ನೆ ಅಮೃತಶಿಲೆಯಂತೆ ಬಿಳಿಚಿಕೊಳ್ಳುತ್ತದೆ. ಕೆನ್ನೆ ಉಬ್ಬಿಸಲಾಗುವುದಿಲ್ಲ, ಸಿಳ್ಳೆ ಬರುವುದಿಲ್ಲ, ಮಗುವಿನ ಬಲೂನು ಊದಲಾಗುವುದಿಲ್ಲ. ಪಾನಿಪೂರಿ ಇಡಿಯಾಗಿ ಬಾಯಿಗೆ ಹೋಗುವುದಿಲ್ಲ. ನಾಲಗೆ ತುಟಿಯಾಚೆ ಚಾಚುವುದಿಲ್ಲ. ನಮ್ಮ ರಾಗಿಮುದ್ದೆಯ ಸೀಮೆಯಲ್ಲಿ ಇದು ಇನ್ನೂ ತಡವಾಗಿ ತಿಳಿಯುತ್ತದೆ. ಮುದ್ದೆಯನ್ನು ಅಗಿಯುವಂತಿಲ್ಲ, ನುಂಗುವುದು. ತುತ್ತು ಚಿಕ್ಕದಾಗುತ್ತಾ ಹೋಗುವುದನ್ನು ತಿನ್ನುವವನೂ ಗಮನಿಸುವುದಿಲ್ಲ, ಬಡಿಸುವವರೂ ಗಮನಿಸುವುದಿಲ್ಲ.

ಇದರ ಇನ್ನೊಂದು ಮುಖ ಕ್ಯಾನ್ಸರ್. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಈ ರೋಗದ 66 ಮಂದಿಯನ್ನು 17 ವರ್ಷ ಗಮನಿಸುತ್ತಾ ಬಂದ ಅಧ್ಯಯನವೊಂದು 1985ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇಕಡ 7.6 ಮಂದಿಗೆ, ಅಂದರೆ 5 ಜನರಿಗೆ, ಬಾಯಿಯ ಕ್ಯಾನ್ಸರ್ ಬಂದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ಪ್ರಕಟಣೆಯಲ್ಲಿ ಅಡಿಕೆಯನ್ನೇ, ತಂಬಾಕು ಸೇರದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಬಾಯಿ ತೆರೆಯದವರಲ್ಲಿ ಹಿಂದಿನ ಮೂಲೆಯ ಹುಣ್ಣನ್ನು ನೋಡುವುದೇ ಕಷ್ಟ ಎಂಬುದು ಇನ್ನೊಂದು ಸಂಕಟ.

ಈ ಮಾತನ್ನು ಕರ್ನಾಟಕದಲ್ಲಿ ಕುಳಿತು ಹೇಳುವುದು ಸುಲಭವಲ್ಲವೆಂದು ಬಲ್ಲೆ. ದೇಶದಲ್ಲೇ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ, ದಕ್ಷಿಣ ಕನ್ನಡ, ದಾವಣಗೆರೆ, ತುಮಕೂರು ಜಿಲ್ಲೆಗಳಲ್ಲಿ ಮಕ್ಕಳ ಓದು, ಮದುವೆ, ಮನೆ ಎಲ್ಲವೂ ತೋಟದ ಮೇಲೆ ನಿಂತಿವೆ. ತಾಂಬೂಲವಿಲ್ಲದ ಶುಭಕಾರ್ಯ ನಮ್ಮಲ್ಲಿಲ್ಲ. ಅಜ್ಜ ಅಜ್ಜಿ ಜೀವನವಿಡೀ ಕವಳ ಹಾಕಿದರು, ಅವರಿಗೇನಾಯಿತು ಎಂದು ಬೆಳೆಗಾರರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಊಟದ ನಂತರ ವೀಳ್ಯದೆಲೆಯಲ್ಲಿ ಒಂದು ಹೋಳು ಅಡಿಕೆ ಬೇರೆ, ಒಣ ಅಡಿಕೆಯ ಪುಡಿಯನ್ನು ಪೊಟ್ಟಣದಿಂದ ಸುರಿದುಕೊಂಡು ದಿನಕ್ಕೆ ಹತ್ತಾರು ಬಾರಿ ಕೆನ್ನೆಯಲ್ಲಿ ಇಟ್ಟುಕೊಳ್ಳುವುದು ಬೇರೆ. ಎರಡನೆಯದರಲ್ಲಿ ರೋಗ ಬೇಗ ಬರುತ್ತದೆ, ಚಿಕ್ಕ ವಯಸ್ಸಿನಲ್ಲೇ ಬರುತ್ತದೆ. ಹಾಗೆಂದು ಮೊದಲನೆಯದು ನಿರಪಾಯವೆಂದು ಹೇಳಲು ವಿಜ್ಞಾನ ಒಪ್ಪುವುದಿಲ್ಲ. ಬೆಳೆಗಾರನನ್ನು ತಪ್ಪಿತಸ್ಥನನ್ನಾಗಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಆದರೆ ಬೆಳೆಯ ಗೌರವಕ್ಕಾಗಿ ರೋಗದ ಹೆಸರು ಹೇಳದೆ ಇರುವುದೂ ಸರಿಯಲ್ಲ. ಆ ಯುವಕನ ಬಾಯಿ ಮುಚ್ಚಿದ್ದು ಅದೇ ಅಡಿಕೆಯ ಸೀಮೆಯಲ್ಲಿ.

ನಾನು ಶಾಲೆಗೆ ಹೋಗುತ್ತಿದ್ದ 1990ರ ದಶಕದಲ್ಲಿ ಗೂಡಂಗಡಿಗಳ ಮುಂದೆ ಗುಟ್ಕಾ ಪೊಟ್ಟಣಗಳ ಸರಗಳು ತೋರಣದಂತೆ ತೂಗುತ್ತಿದ್ದವು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದವು. ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಳ್ಳಲು ಕಾನೂನು ಅಡ್ಡಿಯಾಗಲಿಲ್ಲ. ತಂಬಾಕಿಲ್ಲವೆಂಬ ಧೈರ್ಯದಿಂದ ಸಿಹಿ ಅಡಿಕೆಯ ಪುಡಿಯನ್ನು ಮಕ್ಕಳ ಕೈಗೆ ಕೊಡುವ ಹಿರಿಯರಿದ್ದಾರೆ. ಕೊಡಬೇಡಿ.

ಚಿಕಿತ್ಸೆ ಇದೆಯೆ? ಇದೆ, ಆದರೆ ಅದರ ಮಿತಿಯನ್ನು ತಿಳಿದಿರಬೇಕು. ಗಟ್ಟಿಯಾದ ನಾರು ಪೂರ್ತಿಯಾಗಿ ಮೊದಲಿನಂತಾಗುವುದಿಲ್ಲ. ಜಗಿಯುವುದನ್ನು ಸಂಪೂರ್ಣ ನಿಲ್ಲಿಸಿದರೆ ರೋಗ ಮುಂದುವರಿಯುವುದು ತಗ್ಗುತ್ತದೆ, ಉರಿ ಕಡಿಮೆಯಾಗುತ್ತದೆ. ಕಡಿಮೆ ಮಾಡುತ್ತೇನೆ ಎಂಬುದು ಇಲ್ಲಿ ನಡೆಯುವುದಿಲ್ಲ. ತಂಬಾಕು ಬಿಡಲು 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ. ಇದರ ಜೊತೆಗೆ ವೈದ್ಯರು ಕೆನ್ನೆಯೊಳಗೆ ಇಂಜೆಕ್ಷನ್, ಪೋಷಕಾಂಶದ ಮಾತ್ರೆ ಕೊಡುತ್ತಾರೆ. ಬಾಯಿ ತೀರಾ ಕಿರಿದಾಗಿದ್ದರೆ ನಾರಿನ ಪಟ್ಟಿಗಳನ್ನು ಕತ್ತರಿಸಿ, ಆ ಜಾಗಕ್ಕೆ ಬೇರೆ ಕಡೆಯ ಅಂಗಾಂಶ ಹೊದಿಸುವ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಂಥ ಬೋಧನಾ ಆಸ್ಪತ್ರೆಗಳಲ್ಲಿ ಇದಕ್ಕೆ ತಜ್ಞರಿದ್ದಾರೆ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ ಚೂರು ತೆಗೆದು ಪರೀಕ್ಷಿಸುವುದಕ್ಕೆ ಹೆದರಬಾರದು.

ಯಾವ ಚಿಕಿತ್ಸೆಯಾದರೂ ವ್ಯಾಯಾಮವಿಲ್ಲದೆ ಫಲವಿಲ್ಲ. ಅದಕ್ಕೆ ದುಬಾರಿ ಉಪಕರಣ ಬೇಕೆಂದಿಲ್ಲ. ಐಸ್‌ಕ್ರೀಮಿನ ಚಪ್ಪಟೆ ಮರದ ಕಡ್ಡಿಗಳನ್ನು ಶುಚಿಮಾಡಿ, ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಹಿಡಿಯುವಷ್ಟು ಇಟ್ಟು, ಸ್ವಲ್ಪ ಹೊತ್ತು ಬಿಟ್ಟು, ನಡುವೆ ಇನ್ನೊಂದು ಕಡ್ಡಿಯನ್ನು ಮೆಲ್ಲನೆ ತೂರಿಸುವುದು. ದಿನಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ. ಎಳೆತ ಅನ್ನಿಸಬೇಕು, ಕಣ್ಣಲ್ಲಿ ನೀರು ಬರುವಷ್ಟು ನೋವಾಗಬಾರದು. ಬಾಯಿ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದವರಲ್ಲೂ ಸ್ನಾಯುಗಳು ನಾರುಗಟ್ಟಿ ಬಾಯಿ ಕಿರಿದಾಗುತ್ತದೆ. ಅವರೂ ಇದೇ ಅಭ್ಯಾಸವನ್ನು ಚಿಕಿತ್ಸೆಯ ಆರಂಭದಿಂದಲೇ, ವೈದ್ಯರನ್ನು ಕೇಳಿಕೊಂಡು, ಮಾಡಬೇಕು. ಇಂದು ಎಷ್ಟು ಕಡ್ಡಿ ಹಿಡಿಸಿತೆಂದು ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖಿನ ಪಕ್ಕದಲ್ಲಿ ಬರೆದಿಟ್ಟರೆ ವೈದ್ಯರಿಗೂ ಅನುಕೂಲ.

ಕೊನೆಯದಾಗಿ ಒಂದು ಮಾತು. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದವರು, ಅಪೆಂಡಿಕ್ಸ್ ಇರಲಿ, ಕಾಲು ಮುರಿತವಿರಲಿ, ಹೆರಿಗೆ ಇರಲಿ, ಯಾವ ಶಸ್ತ್ರಚಿಕಿತ್ಸೆಗೆ ಹೋದರೂ ಅರಿವಳಿಕೆ ವೈದ್ಯರಿಗೆ ಅದನ್ನು ಮೊದಲೇ ತಿಳಿಸಬೇಕು. ಪ್ರಜ್ಞೆ ತಪ್ಪಿಸಿದ ಮೇಲೆ ಉಸಿರಿನ ಕೊಳವೆಯನ್ನು ಸಾಮಾನ್ಯವಾಗಿ ಬಾಯಿಯ ಮೂಲಕವೇ ಇಳಿಸುತ್ತಾರೆ. ಆ ದಾರಿ ಕಿರಿದೆಂದು ಗೊತ್ತಿದ್ದರೆ ಮೂಗಿನ ಮೂಲಕ, ರೋಗಿ ಎಚ್ಚರವಿರುವಾಗಲೇ, ಬಾಗುವ ದೂರ್ಬೀನಿನಂಥ ಸಾಧನದಿಂದ ಇಳಿಸುವ ಏರ್ಪಾಡು ಮಾಡಿಕೊಳ್ಳುತ್ತಾರೆ. ಅದಕ್ಕೆ ಬೇರೆ ಉಪಕರಣ, ಬೇರೆ ಸಿದ್ಧತೆ, ಕೆಲವೊಮ್ಮೆ ಬೇರೆ ಆಸ್ಪತ್ರೆಯೇ ಬೇಕಾಗುತ್ತದೆ. ಆಪರೇಷನ್ನಿನ ಹಿಂದಿನ ದಿನ ಅವರು ಮಂಚದ ಬಳಿ ಬಂದು "ಬಾಯಿ ತೆರೆಯಿರಿ" ಎಂದಾಗ ಕೇಳುವುದು ಇದಕ್ಕಾಗಿಯೇ. ತುರ್ತಿನಲ್ಲಿ ಯಾರೂ ಕೇಳದಿದ್ದರೆ ಜೊತೆಗಿದ್ದವರೇ ಹೇಳಬೇಕು.